ತಾಯಿ ಕೆಲಸಕ್ಕೆ ಹೋದರೆ ಎದೆಹಾಲು ಬತ್ತುವುದೇ?

ಬೇಸಿಗೆಯ ಒಂದು ಮಧ್ಯಾಹ್ನ. ಐದು ತಿಂಗಳು ತುಂಬಿದ ಗಂಡುಮಗುವೊಂದನ್ನು ಎತ್ತಿಕೊಂಡು ಅದರ ಅಜ್ಜಿ ನನ್ನ ಚಿಕಿತ್ಸಾಲಯಕ್ಕೆ ಬಂದರು. ಹಿಂದಿನ ರಾತ್ರಿಯಿಂದ ಮಗುವಿಗೆ ವಾಂತಿ, ಭೇದಿ. ಕಣ್ಣು ಗುಳಿಬಿದ್ದಿದ್ದವು, ನಾಲಿಗೆ ಒಣಗಿತ್ತು, ಬೆಳಗಿನಿಂದ ಮೂತ್ರ ಹೋಗಿರಲಿಲ್ಲ. ಅರ್ಧ ಗಂಟೆಯಲ್ಲಿ ಮಗುವಿನ ತಾಯಿಯೂ ಕಚೇರಿಯಿಂದ ಓಡಿ ಬಂದರು. ಮಗುವನ್ನು ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯಿತು. ಮೂರನೆಯ ದಿನ ಅದು ಚೇತರಿಸಿಕೊಂಡು ಮನೆಗೆ ಹೋಯಿತು.

ಮಗು ಏನು ಕುಡಿಯುತ್ತಿತ್ತು ಎಂದು ಕೇಳಿದೆ. 'ಇವಳು ಕೆಲಸಕ್ಕೆ ಹೋಗೋಕೆ ಶುರು ಮಾಡಿದ ಮೇಲೆ ಹಾಲು ಬತ್ತಿಹೋಯ್ತು ಡಾಕ್ಟ್ರೇ, ಬಾಟ್ಲಿ ಹಾಲೇ ಗತಿ' ಎಂದರು ಅಜ್ಜಿ. ತಾಯಿ ತಲೆ ತಗ್ಗಿಸಿದರು. 'ಕೆಲಸಕ್ಕೆ ಹೋದ ಮೊದಲ ವಾರ ಹೇಗಿತ್ತಮ್ಮ?' ಎಂದೆ. 'ಮಧ್ಯಾಹ್ನದ ಹೊತ್ತಿಗೆ ಎದೆ ಕಲ್ಲಿನ ಹಾಗೆ ಬಿಗಿಯೋದು, ರವಿಕೆಯೆಲ್ಲಾ ಒದ್ದೆ ಆಗೋದು, ನಾಚಿಕೆಯಾಗೋದು. ಆಮೇಲಾಮೇಲೆ ತಾನಾಗಿಯೇ ನಿಂತುಹೋಯ್ತು' ಎಂದರು.

ಈ ಉತ್ತರದಲ್ಲೇ ಎಲ್ಲವೂ ಇದೆ. ರವಿಕೆ ಒದ್ದೆಯಾಗುತ್ತಿದ್ದಾಗ ಹಾಲು ಬೇಕಾದಷ್ಟಿತ್ತು. ಅದನ್ನು ಹೊರತೆಗೆಯಬೇಕು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಕೆಲಸಕ್ಕೆ ಹೋದದ್ದರಿಂದ ಹಾಲು ಬತ್ತಲಿಲ್ಲ. ಎದೆಯಲ್ಲಿ ತುಂಬಿದ ಹಾಲನ್ನು ತೆಗೆಯದೇ ಬಿಟ್ಟದ್ದರಿಂದ ಬತ್ತಿತು. ಉದ್ಯೋಗಸ್ಥ ತಾಯಂದಿರೂ ಅವರ ಮನೆಯವರೂ ಈ ಒಂದು ಮಾತನ್ನು ತಿಳಿದುಕೊಂಡರೆ ಎಷ್ಟೋ ಮಕ್ಕಳಿಗೆ ಇಂಥ ಅವಸ್ಥೆ ತಪ್ಪುತ್ತದೆ.

ಹಾಲು ಉತ್ಪತ್ತಿಯಾಗುವುದು ಹೇಗೆ?

ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಲ್ಲ, ತೋಡಿದಷ್ಟೂ ಒರತೆ ಬರುವ ಬಾವಿ. ಮಗು ಮೊಲೆ ಚೀಪಿದಾಗ ತಾಯಿಯ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಪ್ರೊಲ್ಯಾಕ್ಟಿನ್ ಎಂಬುದು ಹಾಲನ್ನು ಉತ್ಪತ್ತಿ ಮಾಡಿಸುತ್ತದೆ. ಆಕ್ಸಿಟೋಸಿನ್ ಎಂಬುದು ಆ ಹಾಲನ್ನು ಮೊಲೆತೊಟ್ಟಿನ ಕಡೆಗೆ ತಳ್ಳುತ್ತದೆ. ಹಾಲು ಹೊರಬಂದಷ್ಟೂ ಹೊಸ ಹಾಲು ತಯಾರಾಗುತ್ತದೆ. ಗಂಟೆಗಟ್ಟಲೆ ತುಂಬಿಯೇ ಇದ್ದರೆ 'ಸಾಕು' ಎಂಬ ಸೂಚನೆ ಸ್ತನದಲ್ಲೇ ಹುಟ್ಟಿ ಉತ್ಪತ್ತಿ ತಗ್ಗುತ್ತದೆ. ದಿನಕ್ಕೆ ಒಂಬತ್ತು ಹತ್ತು ಗಂಟೆ ಹೀಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಹಾಲು ತೀರಾ ಕಡಿಮೆಯಾಗುತ್ತದೆ.

ಆತಂಕ, ನೋವು, ಅತಿಯಾದ ದಣಿವು ಇದ್ದಾಗ ಆಕ್ಸಿಟೋಸಿನ್ ಕೆಲಸ ತಾತ್ಕಾಲಿಕವಾಗಿ ಕುಂದುತ್ತದೆ. ಆಗ ಎದೆಯಲ್ಲಿ ಹಾಲಿದ್ದರೂ ಇಳಿಯುವುದಿಲ್ಲ. 'ನಿನಗೆ ಹಾಲಿಲ್ಲ' ಎಂದು ದಿನಕ್ಕೆ ಹತ್ತು ಸಲ ಹೇಳಿದರೆ ತಾಯಿಗೆ ಹಾಲು ಇಳಿಯದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ರಜೆಯ ಲೆಕ್ಕ

ಮಗುವಿಗೆ ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು. ನೀರು ಕೂಡ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ದೇಶದಲ್ಲಿ 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಮಾಡಿ, ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಲಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಅವಧಿಯಿದೆ. ಆದರೆ ಇದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡವರಿಗೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳಿಗೆ ಸ್ವಲ್ಪ ಹೆಚ್ಚು. ಗರ್ಭಿಣಿಯ ಆರೋಗ್ಯ ಚೆನ್ನಾಗಿದ್ದು ವೈದ್ಯರೂ ಒಪ್ಪಿದರೆ ರಜೆಯ ಹೆಚ್ಚಿನ ಭಾಗವನ್ನು ಹೆರಿಗೆಯ ನಂತರಕ್ಕೆ ಉಳಿಸಿಕೊಳ್ಳುವುದು ಜಾಣತನ.

ಕೆಲಸಕ್ಕೆ ಮರಳಿದ ತಾಯಿಗೆ ಮಗುವಿಗೆ 15 ತಿಂಗಳಾಗುವವರೆಗೆ, ಮಾಮೂಲಿ ವಿರಾಮದ ಜೊತೆಗೆ, ಹಾಲುಣಿಸಲು ದಿನಕ್ಕೆ ಎರಡು ವಿರಾಮ ಕೊಡಬೇಕೆಂದು ಕಾನೂನು ಹೇಳುತ್ತದೆ. 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯವಿರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಿ ಬರಬಹುದು. ಇದು ಹಕ್ಕು, ಯಾರೂ ಮಾಡುವ ಉಪಕಾರವಲ್ಲ. ಕೇಳಲು ಸಂಕೋಚಪಡಬೇಡಿ.

ಹದಿನೈದು ದಿನ ಮೊದಲೇ ಸಿದ್ಧತೆ

ನಾಳೆ ಕೆಲಸಕ್ಕೆ ಹೋಗಬೇಕೆಂದು ಇಂದು ಗಾಬರಿಪಡುವ ಬದಲು ಹದಿನೈದು ದಿನ ಮೊದಲೇ ಕೈಯಿಂದ ಹಾಲು ತೆಗೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ಇದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಪಂಪ್ ಬಳಸುವವರು ಬಳಸಬಹುದು, ಆದರೆ ಹಾಲು ತಾಗುವ ಭಾಗಗಳನ್ನು ಪ್ರತಿ ಸಲವೂ ಬಿಚ್ಚಿ ಚೆನ್ನಾಗಿ ತೊಳೆಯಬೇಕು.

ಕೈಯಿಂದ ತೆಗೆಯುವ ಕ್ರಮ ಹೀಗಿದೆ. ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ. ಕುದಿಯುವ ನೀರಿನಲ್ಲಿ ತೊಳೆದ, ಬಾಯಿ ಅಗಲವಾದ ಸ್ಟೀಲ್ ಬಟ್ಟಲೊಂದನ್ನು ಎದುರಿಗಿಟ್ಟುಕೊಳ್ಳಿ. ಮೊಲೆತೊಟ್ಟಿನ ಸುತ್ತಲಿನ ಕಪ್ಪುಭಾಗದ ಹಿಂದೆ, ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಬರುವಂತೆ ಹಿಡಿಯಿರಿ. ಮೊದಲು ಎದೆಗೂಡಿನ ಕಡೆಗೆ ಮೆಲ್ಲನೆ ಒತ್ತಿ, ನಂತರ ಎರಡು ಬೆರಳುಗಳ ನಡುವೆ ಅದುಮಿ ಬಿಡಿ. ಹೀಗೆಯೇ ಮತ್ತೆ ಮತ್ತೆ ಮಾಡಿ. ಮೊದಲಿಗೆ ಹನಿಯೂ ಬಾರದಿರಬಹುದು. ಒಂದೆರಡು ನಿಮಿಷದಲ್ಲಿ ಹನಿ, ಆಮೇಲೆ ಧಾರೆ. ತೊಟ್ಟನ್ನೇ ಹಿಂಡುವುದಾಗಲಿ ಎಳೆಯುವುದಾಗಲಿ ಬೇಡ, ನೋವಾಗುತ್ತದೆ, ಹಾಲೂ ಬರುವುದಿಲ್ಲ. ಒಂದು ಕಡೆ ಮೂರು ನಾಲ್ಕು ನಿಮಿಷ, ಮತ್ತೊಂದು ಕಡೆ ಅಷ್ಟೇ ಹೊತ್ತು ಎಂಬಂತೆ ಬದಲಾಯಿಸುತ್ತಾ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮುಗಿಸಬಹುದು. ಮೊದಲ ದಿನ ಎರಡು ಚಮಚ ಬಂದರೂ ನಿರಾಶರಾಗಬೇಡಿ. ವಾರದಲ್ಲಿ ಕೈ ಪಳಗುತ್ತದೆ.

ಮಗುವಿಗೆ ಎಷ್ಟು ಹಾಲು ಇಟ್ಟು ಹೋಗಬೇಕು? ಒಂದು ತಿಂಗಳಿಂದ ಆರು ತಿಂಗಳವರೆಗಿನ ಮಗುವಿಗೆ ಗಂಟೆಗೆ ಸುಮಾರು 30 ಮಿಲಿಲೀಟರ್ ಎಂದು ಲೆಕ್ಕ ಹಾಕಿ. ಒಂಬತ್ತು ಗಂಟೆ ಹೊರಗಿದ್ದರೆ 270 ಮಿಲಿಲೀಟರ್, ಮೂರು ಸಲಕ್ಕೆ ತಲಾ 90. ಹಿಂದಿನ ದಿನ ಕಚೇರಿಯಲ್ಲಿ ತೆಗೆದದ್ದು, ಬೆಳಿಗ್ಗೆ ಮನೆಯಲ್ಲಿ ತೆಗೆದದ್ದು ಸೇರಿದರೆ ಇಷ್ಟು ಹೊಂದಿಸುವುದು ಕಷ್ಟವಲ್ಲ.

ಹಾಲನ್ನು ಕಾಪಾಡುವುದು

ತೆಗೆದ ಹಾಲನ್ನು ಮುಚ್ಚಿ ತಂಪಾದ ಜಾಗದಲ್ಲಿಟ್ಟರೆ ನಾಲ್ಕು ಗಂಟೆ ಕೆಡುವುದಿಲ್ಲ. ಸುಡುಬೇಸಿಗೆಯಲ್ಲಿ ಅಷ್ಟು ಹೊತ್ತು ಹೊರಗಿಡಬೇಡಿ. ಫ್ರಿಜ್ಜಿನ ಬಾಗಿಲಿನಲ್ಲಿ ಇಡದೆ ಒಳಗೆ ಹಿಂಬದಿಯಲ್ಲಿಡಿ. ಆಗಾಗ ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಫ್ರಿಜ್ಜಿನ ಹಾಲನ್ನೂ 24 ಗಂಟೆಯೊಳಗೆ ಬಳಸುವುದು ಕ್ಷೇಮ. ಕಚೇರಿಯಲ್ಲಿ ಫ್ರಿಜ್ ಇಲ್ಲದಿದ್ದರೆ ಶಾಖ ತಡೆಯುವ ಡಬ್ಬಿಯಲ್ಲಿ ಐಸ್ ಚೀಲಗಳ ಜೊತೆ ಇಟ್ಟು ಮನೆಗೆ ತನ್ನಿ.

ಇಟ್ಟ ಹಾಲಿನ ಮೇಲೆ ಕೆನೆ ಕಟ್ಟಿಕೊಳ್ಳುತ್ತದೆ, ತಳದಲ್ಲಿ ನೀರಿನಂತೆ ಕಾಣುತ್ತದೆ. ಅದು ಒಡೆದದ್ದಲ್ಲ, ಮೆಲ್ಲನೆ ಅಲ್ಲಾಡಿಸಿದರೆ ಕಲೆತುಕೊಳ್ಳುತ್ತದೆ. ಎದೆಹಾಲನ್ನು ಕುದಿಸಬಾರದು, ಮೈಕ್ರೋವೇವ್ ಒಲೆಯಲ್ಲೂ ಇಡಬಾರದು. ಪಾತ್ರೆಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು. ಮಗು ಕುಡಿದು ಮಿಕ್ಕದ್ದನ್ನು ಮುಂದಿನ ಸಲಕ್ಕೆ ಎತ್ತಿಡಬೇಡಿ.

ಅಟ್ಟದ ಮೇಲಿನ ಒಳಲೆ

ಹಾಲುಬಾಟಲಿಯ ರಬ್ಬರ್ ತೊಟ್ಟಿನ ಸಂದಿಯಲ್ಲಿ ಹಾಲು ಕೂತು ರೋಗಾಣುಗಳು ಬೆಳೆಯುತ್ತವೆ. ವಾಂತಿಭೇದಿ ಬರಲು ಇದೊಂದು ಮುಖ್ಯ ದಾರಿ. ಬಾಟಲಿಗೆ ಒಗ್ಗಿದ ಕೆಲವು ಮಕ್ಕಳು ಮೊಲೆ ಚೀಪಲು ಹಟ ಮಾಡುತ್ತವೆ. ಹಾಲಿನ ಪುಡಿ ಮತ್ತು ಬಾಟಲಿಗಳ ಜಾಹೀರಾತನ್ನು ನಮ್ಮ ದೇಶ 1992ರ ಕಾಯ್ದೆಯಿಂದ ನಿಷೇಧಿಸಿರುವುದು ಸುಮ್ಮನೆ ಅಲ್ಲ.

ಬಾಟಲಿಗೆ ಬದಲು ಏನು? ನಮ್ಮ ಹಿರಿಯರ ಒಳಲೆ! ಬಾಯಿ ಚೂಪಾದ ಆ ಪುಟ್ಟ ಪಾತ್ರೆ ಇಂದಿಗೂ ಎಷ್ಟೋ ಮನೆಗಳ ಅಟ್ಟದಲ್ಲಿದೆ. ಮೂಲೆ ಮೊಡಕುಗಳಿಲ್ಲದ್ದರಿಂದ ತೊಳೆಯುವುದು ಸುಲಭ. ಒಳಲೆ ಇಲ್ಲದಿದ್ದರೆ ಸಣ್ಣ ಲೋಟವೋ ಚಮಚವೋ ಆಗುತ್ತದೆ. ಒಂದು ಎಚ್ಚರಿಕೆ: ಮಗುವನ್ನು ಅಂಗಾತ ಮಲಗಿಸಿ ಬಾಯಿಗೆ ಸುರಿಯಬೇಡಿ, ಹಾಲು ಶ್ವಾಸನಾಳಕ್ಕೆ ಹೋದೀತು. ತೊಡೆಯ ಮೇಲೆ ತಲೆ ಎತ್ತರಿಸಿ ಕೂರಿಸಿಕೊಂಡು, ಒಳಲೆಯನ್ನು ತುಟಿಗೆ ತಾಗಿಸಿ, ಮಗು ತಾನೇ ಗುಟುಕರಿಸಲು ಬಿಡಿ. ಅಳುತ್ತಿರುವಾಗ ಕುಡಿಸಬೇಡಿ. ಮೊದಲ ಕೆಲವು ದಿನ ತಾಯಿ ಪಕ್ಕದ ಕೋಣೆಯಲ್ಲಿದ್ದು, ಅಜ್ಜಿ ಅಥವಾ ತಂದೆ ಕುಡಿಸಿ ಅಭ್ಯಾಸ ಮಾಡಿಸಲಿ.

ಒಂದು ದಿನ ಹೀಗಿರಲಿ

ಬೆಳಿಗ್ಗೆ ಎದ್ದೊಡನೆ ಒಮ್ಮೆ, ಹೊರಡುವ ಮುನ್ನ ಒಮ್ಮೆ ಎದೆಗೆ ಹಾಕಿಕೊಳ್ಳಿ. ಕಚೇರಿಯಲ್ಲಿ ಸುಮಾರು ಮೂರು ಗಂಟೆಗೊಮ್ಮೆ ಹಾಲು ತೆಗೆಯಿರಿ. ಇಟ್ಟುಕೊಳ್ಳಲು ಅನುಕೂಲವಿಲ್ಲದಿದ್ದರೆ ತೆಗೆದು ಚೆಲ್ಲಿಯಾದರೂ ಬಿಡಿ. ವ್ಯರ್ಥವೆನಿಸಬಹುದು, ಆದರೆ ನಾಳಿನ ಹಾಲು ಉಳಿಯುವುದು ಅದರಿಂದಲೇ. ನೀವು ಬರುವ ಹೊತ್ತಾದಾಗ ಮಗುವಿಗೆ ಹೊಟ್ಟೆ ತುಂಬ ಕುಡಿಸಬಾರದೆಂದು ಮನೆಯಲ್ಲಿ ಹೇಳಿಡಿ. ಬಂದು ಕೈಕಾಲು ತೊಳೆದೊಡನೆ ಎದೆಹಾಲು ಕೊಡಿ. ರಾತ್ರಿಯ ಹಾಲನ್ನು ಬಿಡಿಸಬೇಡಿ. ರಾತ್ರಿ ಪ್ರೊಲ್ಯಾಕ್ಟಿನ್ ಹೆಚ್ಚಿರುತ್ತದೆ. ಹಗಲೆಲ್ಲ ತಾಯಿಯನ್ನು ಬಿಟ್ಟಿದ್ದ ಮಗು ರಾತ್ರಿ ಹೆಚ್ಚು ಸಲ ಎದ್ದು ಕುಡಿಯುವುದು ಸಹಜ. ಅದು ಹಾಲು ಸಾಲದ ಲಕ್ಷಣವಲ್ಲ. ರಜಾದಿನಗಳಲ್ಲಿ ಒಳಲೆಗೂ ರಜೆ ಕೊಡಿ!

ಹಾಲು ಸಾಕಾಗುತ್ತಿದೆಯೇ ಎಂದು ಮಗುವಿನ ಅಳುವಿನಿಂದ ಅಳೆಯಬೇಡಿ. 24 ಗಂಟೆಯಲ್ಲಿ ಆರು ಸಲವಾದರೂ ಮೂತ್ರ ಮಾಡುತ್ತಾ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ. ಅಂಗನವಾಡಿಯಲ್ಲಿ ತೂಕ ಹಾಕಿಸಿ ನೋಡಿ.

ಮನೆಯವರಿಗೆ ಎರಡು ಮಾತು

ಎದೆಹಾಲು ಕುಡಿಸುವುದೊಂದನ್ನು ಬಿಟ್ಟರೆ ಮಗುವಿನ ಉಳಿದ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಬಟ್ಟೆ ಬದಲಾಯಿಸುವುದು, ಸ್ನಾನ ಮಾಡಿಸುವುದು, ಒಳಲೆ ತೊಳೆಯುವುದು ಗಂಡನಿಗೆ ಬಾರದ ವಿದ್ಯೆಗಳೇನಲ್ಲ. ಕಚೇರಿಯಿಂದ ಬಂದ ತಾಯಿ ನೇರವಾಗಿ ಒಲೆಯ ಮುಂದೆ ನಿಲ್ಲುವಂತಾದರೆ ಮಗುವಿಗೆ ಹಾಲು ಕುಡಿಸುವುದು ಯಾವಾಗ? ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಆಹಾರ ಬೇಕು, ಅಂದರೆ ಒಂದು ಊಟದಷ್ಟು. ಪಥ್ಯದ ಹೆಸರಿನಲ್ಲಿ ಸೊಪ್ಪು, ಬೇಳೆ, ಹಣ್ಣು, ನೀರು ಕಡಿಮೆ ಮಾಡಬೇಡಿ. ಹೆರಿಗೆಯ ನಂತರ 180 ದಿನ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ತಪ್ಪದೆ ನುಂಗಲಿ.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಬೇಳೆ ಅನ್ನ, ನುರಿದ ಬಾಳೆಹಣ್ಣು ಶುರುವಾಗಲಿ. ಎದೆಹಾಲು ಎರಡು ವರ್ಷದವರೆಗೆ ಜೊತೆಗಿರಲಿ. ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡ, ಹಸುವಿನ ಹಾಲನ್ನು ಮುಖ್ಯ ಆಹಾರವಾಗಿಯೂ ಕೊಡಬೇಡಿ.

ವೈದ್ಯರನ್ನು ಯಾವಾಗ ಕಾಣಬೇಕು?

ಸ್ತನ ಕೆಂಪಾಗಿ, ಗಟ್ಟಿಯಾಗಿ, ನೋವು ಜ್ವರ ಬಂದರೆ ತಡಮಾಡಬೇಡಿ. ಆಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ. ತಾಯಿಗೆ ಎರಡು ವಾರಕ್ಕಿಂತ ಹೆಚ್ಚು ಕಾಲ ಮಂಕು, ಅಳು, ಬದುಕೇ ಬೇಡವೆನಿಸುವ ಭಾವನೆ ಇದ್ದರೆ ಅದು ಸೋಮಾರಿತನವಲ್ಲ, ಚಿಕಿತ್ಸೆಯಿರುವ ಕಾಯಿಲೆ. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯದೆ ಅಂದೇ ಕರೆದೊಯ್ಯಿರಿ. ಮಗುವಿನ ಮೂತ್ರ ಕಡಿಮೆಯಾದರೆ, ತೂಕ ಏರದಿದ್ದರೆ, ಭೇದಿಯಾಗುತ್ತಿದ್ದರೆ ಕೂಡಲೇ ತೋರಿಸಿ. ತಾಯಿ ಯಾವುದಾದರೂ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಹಾಲೂಡಿಸುವ ವಿಷಯವನ್ನು ವೈದ್ಯರಿಗೆ ತಿಳಿಸಿ. ಕಚೇರಿಯ ಹೊತ್ತಿನಲ್ಲಿ ಹಾಲೂಡಿಸುವುದು ತಪ್ಪುವುದರಿಂದ, ಎದೆಹಾಲೇ ಗರ್ಭ ತಡೆಯುತ್ತದೆಂದು ನಂಬಿ ಕೂರಬೇಡಿ; ತಕ್ಕ ವಿಧಾನವನ್ನು ಕೇಳಿ ತಿಳಿಯಿರಿ.

ಕೂಲಿ, ಮನೆಗೆಲಸ ಮಾಡುವ ಎಷ್ಟೋ ತಾಯಂದಿರಿಗೆ ರಜೆಯೂ ಇಲ್ಲ, ಫ್ರಿಜ್ಜೂ ಇಲ್ಲ ಎಂಬುದನ್ನು ಮರೆತಿಲ್ಲ. ನಿಮ್ಮ ಮನೆಗೆ ಕೆಲಸಕ್ಕೆ ಬರುವಾಕೆಗೆ ಎಳೆಗೂಸಿದ್ದರೆ ಮಗುವನ್ನು ಜೊತೆಗೆ ಕರೆತರಲು ಹೇಳಿ; ನಡುವೆ ಹಾಲು ಕುಡಿಸಲು ಕಾಲು ಗಂಟೆ ಬಿಡುವು ಕೊಡಿ. ಎಲ್ಲ ಪ್ರಯತ್ನದ ನಂತರವೂ ಮೇಲುಹಾಲು ಬೇಕೇ ಆದರೆ ವೈದ್ಯರ ಸಲಹೆಯಂತೆ, ನೀರು ಹೆಚ್ಚು ಬೆರೆಸದೆ, ಒಳಲೆಯಲ್ಲೇ ಕುಡಿಸಿ. ಅದಕ್ಕಾಗಿ ತಾಯಿ ಕೊರಗಬೇಕಾಗಿಲ್ಲ.

ಮೊದಲು ಹೇಳಿದ ತಾಯಿಯ ಕಥೆ ಏನಾಯಿತು? ಆಸ್ಪತ್ರೆಯಿಂದ ಬಂದ ಮೇಲೆ ಆಕೆ ಒಂದು ವಾರ ರಜೆ ಹಾಕಿ ಮಗುವನ್ನು ದಿನಕ್ಕೆ ಎಂಟು ಹತ್ತು ಸಲ ಎದೆಗೆ ಹಾಕಿಕೊಂಡರು. ಅಜ್ಜಿ ತಾವೇ ಅಟ್ಟ ಹತ್ತಿಸಿ ಒಳಲೆ ಇಳಿಸಿದರು. ಮೂರು ವಾರದಲ್ಲಿ ಹಾಲು ಹೆಚ್ಚುಕಡಿಮೆ ಮೊದಲಿನಂತಾಯಿತು. ಲಸಿಕೆ ಹಾಕಿಸಲು ಬಂದಾಗ ಅಜ್ಜಿ ಹೇಳಿದರು: 'ಇವಳ ಗಂಡ ಕುಡಿದದ್ದೂ ಇದೇ ಒಳಲೆಯಲ್ಲಿ ಡಾಕ್ಟ್ರೇ. ಈಗ ದಿನಾ ರಾತ್ರಿ ಅದನ್ನ ತೊಳೆದಿಡೋನೂ ಅವನೇ.'