ಅರ್ಧ ಮುಖದ ನಗು

ಒಂದು ಮನೆ. ಹತ್ತು ದಿನದ ಬಾಣಂತಿ. ಮಗುವಿನ ಎಡಗಿವಿ ತುಂಬಾ ಚಿಕ್ಕದು. ಮೊಗ್ಗಿನ ಹಾಗೆ ಮುದುಡಿದೆ. ಮಗು ಅತ್ತರೆ ಬಾಯಿ ಬಲಕ್ಕೆ ಎಳೆಯುತ್ತದೆ.

“ಗ್ರಹಣದ ದಿನ ಹೊರಗೆ ಹೋಗಿದ್ದೆಯೇನೆ?” ಅಂತಾಳೆ ಅತ್ತೆ.

“ಇಲ್ಲ ಅತ್ತೆ, ಬಾಗಿಲು ಹಾಕ್ಕೊಂಡು ಒಳಗೇ ಇದ್ದೆ.” ಸೊಸೆ ಅಳುತ್ತಾಳೆ.

ಅಕ್ಕಂದಿರೇ, ಇಂಥ ಮಾತು ನಾವೂ ಕೇಳಿದ್ದೇವೆ. ನಿಜ ಏನು? ತಿಳಿಯೋಣ.

ಮುಖ ಆಡುವುದು ಹೇಗೆ?

ತಂತಿಯಲ್ಲಿ ಕರೆಂಟು ಬಂದರೆ ಬಲ್ಬು ಉರಿಯುತ್ತದೆ. ನಮ್ಮ ಮೈಯಲ್ಲೂ ಇಂಥ ತಂತಿಗಳಿವೆ. ಅವೇ ನರಗಳು. ಮಿದುಳಿನಿಂದ 12 ಜೊತೆ ನರಗಳು ಹೊರಡುತ್ತವೆ. ಇವುಗಳಲ್ಲಿ 7ನೆಯದು ಮುಖದ ನರ. ನಗುವುದು, ರೆಪ್ಪೆ ಮುಚ್ಚುವುದು, ತುಟಿ ಬಿಗಿಹಿಡಿಯುವುದು ಇದರಿಂದಲೇ. ಈ ನರ ಕಿವಿಯ ಮೂಳೆಯೊಳಗೆ ಹಾದು ಮುಖಕ್ಕೆ ಬರುತ್ತದೆ.

ಗರ್ಭದ ಮೊದಲ 2–3 ತಿಂಗಳಲ್ಲಿ ಮಗುವಿನ ಮುಖ, ಕಿವಿ, ದವಡೆ ಮೂಡುತ್ತವೆ. ಆಗ ಒಂದು ಪಕ್ಕ ಸರಿಯಾಗಿ ಬೆಳೆಯದಿದ್ದರೆ ಕಿವಿ, ದವಡೆ ಚಿಕ್ಕದಾಗುತ್ತವೆ. ಆ ಪಕ್ಕದ ಮುಖದ ನರವೂ ಸೊರಗಿರಬಹುದು. ಇದಕ್ಕೆ ಗ್ರಹಣ ಕಾರಣವಲ್ಲ. ತಾಯಿಯ ತಪ್ಪೂ ಅಲ್ಲ.

ಬಾಯಿ ಬಲಕ್ಕೆ ಎಳೆದರೆ ಬಲಗಡೆಯೇ ಕೆಟ್ಟಿದೆ ಅನಿಸುತ್ತದೆ. ಹಾಗಲ್ಲ. ಎಳೆಯುವ ಕಡೆ ಗಟ್ಟಿಯಿದೆ. ಅಲುಗಾಡದೆ ಇರುವ ಕಡೆಯೇ ಸೋತಿದೆ.

ಮೊದಲು ಕಣ್ಣು ನೋಡಿ

ಸೋತ ಪಕ್ಕದ ರೆಪ್ಪೆ ಪೂರ್ತಿ ಮುಚ್ಚದೆ ಇರಬಹುದು. ಆಗ ಕಣ್ಣು ಒಣಗುತ್ತದೆ. ಧೂಳು ಬಿದ್ದು ಹುಣ್ಣಾಗುತ್ತದೆ. ಬಿಟ್ಟರೆ ದೃಷ್ಟಿಯೇ ಹೋಗಬಹುದು. ವೈದ್ಯರು ಹಗಲಿಗೆ ಹನಿ, ರಾತ್ರಿಗೆ ಮುಲಾಮು ಕೊಡುತ್ತಾರೆ. ಬೇಕಾದರೆ ರೆಪ್ಪೆ ಮುಚ್ಚಿ ಪಟ್ಟಿ ಹಾಕುವುದನ್ನೂ ಕಲಿಸುತ್ತಾರೆ. ಎದೆಹಾಲು, ಹರಳೆಣ್ಣೆ ಕಣ್ಣಿಗೆ ಹಾಕಬೇಡಿ. ಕಣ್ಣು ಕೆಂಪಾದರೆ, ಬಿಳಿ ಚುಕ್ಕೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

ಆಮೇಲೆ ಕಿವಿ

ಮಾತು ಕೇಳಿದರೆ ತಾನೆ ಮಗು ಮಾತು ಕಲಿಯುವುದು? ಎರಡೂ ಕಿವಿ ಪರೀಕ್ಷೆ ಮಾಡಿಸಿ. ಮಗು ನಿದ್ದೆಯಲ್ಲಿದ್ದಾಗಲೇ ಪರೀಕ್ಷೆ ಮಾಡಬಹುದು. ನೋವಿಲ್ಲ. ಕಿವಿಯ ತೂತು ಮುಚ್ಚಿದ್ದರೂ ಒಳಗಿನ ಕೇಳುವ ನರ ಬಹಳ ಸಲ ಚೆನ್ನಾಗಿರುತ್ತದೆ. ತಲೆಯ ಮೂಳೆಯ ಮೂಲಕ ಶಬ್ದ ಮುಟ್ಟಿಸುವ ಯಂತ್ರವಿದೆ. ಅದನ್ನು ಪಟ್ಟಿಯಿಂದ ತಲೆಗೆ ಕಟ್ಟುತ್ತಾರೆ.

ಹಾಲು ತುಟಿಯಂಚಿನಿಂದ ಸೋರಿದರೆ, ಮಗು ಉಸಿರುಕಟ್ಟಿದರೆ, ತೂಕ ಏರದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಎಲ್ಲಿ ಕೇಳಬೇಕು?

ಆಶಾ ಕಾರ್ಯಕರ್ತೆಗೆ, ಅಂಗನವಾಡಿಯಲ್ಲಿ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಕಿವಿ, ಮಾತಿನ ತೊಂದರೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಮಗು ದೊಡ್ಡದಾದ ಮೇಲೆ ಪಕ್ಕೆಲುಬಿನ ಮೆದುಮೂಳೆಯಿಂದ ಕಿವಿ ಮಾಡಿ ಕೂರಿಸುವುದೂ ಉಂಟು.

ಮುಖ ಅರ್ಧ ನಕ್ಕರೂ ಮಗುವಿನ ಖುಷಿ ಅರ್ಧವಲ್ಲ. ಮುಖ ನೋಡಿ ಬುದ್ಧಿ ಅಳೆಯಬೇಡಿ. ಎತ್ತಿಕೊಳ್ಳಿ, ಮಾತಾಡಿಸಿ, ಶಾಲೆಗೆ ಕಳಿಸಿ.

ಯೋಚಿಸಿ, ಹೇಳಿ

1. ಬಾಯಿ ಬಲಕ್ಕೆ ಎಳೆದರೆ ಸೋತಿರುವ ಪಕ್ಕ ಯಾವುದು?
2. ರೆಪ್ಪೆ ಮುಚ್ಚದಿದ್ದರೆ ಕಣ್ಣಿಗೆ ಏನಾಗುತ್ತದೆ?
3. ಆ ಅತ್ತೆಗೆ ನೀವು ಏನು ಹೇಳುತ್ತೀರಿ?