ರಜೆಯ ಬಿಸಿಲು, ಪಾರ್ಕಿನ ನೆರಳು

ಪರೀಕ್ಷೆಯ ಫಲಿತಾಂಶ ಕೈಗೆ ಬಂದ ಮರುದಿನವೇ ಬೆಂಗಳೂರಿನ ಮನೆಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಶಾಲೆ ಮತ್ತೆ ತೆರೆಯುವವರೆಗೆ ಈ ಮಕ್ಕಳನ್ನು ಹೇಗೆ ಸಂಭಾಳಿಸುವುದು? ಹಿಂದೆ ಇದಕ್ಕೆ ಉತ್ತರ ಅಜ್ಜಿಯ ಊರಾಗಿತ್ತು. ಈಗ ಅನುಕೂಲವುಳ್ಳವರು ಬೇಸಿಗೆ ಶಿಬಿರಕ್ಕೆ ಹಣ ಕಟ್ಟುತ್ತಾರೆ. ಉಳಿದವರ ಮನೆಯಲ್ಲಿ ಟಿ.ವಿ. ಮತ್ತು ಮೊಬೈಲ್ ಫೋನ್ ಆ ಹೊಣೆ ಹೊರುತ್ತವೆ. ಹೊರಗೆ ಹೋಗುತ್ತೇನೆಂದರೆ ‘ಬಿಸಿಲಲ್ಲಿ ಅಲೀಬೇಡ, ಕಪ್ಪಾಗ್ತೀಯ’ ಎಂಬ ಗದರಿಕೆ ಸಿದ್ಧವಾಗಿರುತ್ತದೆ.

ಕಪ್ಪಾಗುವುದು ಅಂಥ ದೊಡ್ಡ ನಷ್ಟವೇನಲ್ಲ. ಹೊರಗೆ ಹೋಗದಿದ್ದರೆ ಆಗುವ ನಷ್ಟ ಮಾತ್ರ ಕಣ್ಣಿಗೆ ಸಂಬಂಧಿಸಿದ್ದು.

ಸಮೀಪದೃಷ್ಟಿ, ಅಂದರೆ ಕಪ್ಪುಹಲಗೆ ಮಸುಕಾಗಿ ಕಾಣುವ ತೊಂದರೆ, ಕಣ್ಣುಗುಡ್ಡೆ ಅಗತ್ಯಕ್ಕಿಂತ ಉದ್ದಕ್ಕೆ ಬೆಳೆಯುವುದರಿಂದ ಬರುತ್ತದೆ. ಹೊರಗಿನ ಬೆಳಕು ಈ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಶಾಲಾದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಬಿಡಲಾಯಿತು, ಅಷ್ಟೆ. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಎಂದಿನಂತೆ ನಡೆದ ಶಾಲೆಗಳ ಶೇ 39.5ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಬಂದಿದ್ದರೆ, ಹೊರಗೆ ಹೋದವರಲ್ಲಿ ಈ ಪ್ರಮಾಣ ಶೇ 30.4 ಮಾತ್ರ. ತೀವ್ರ ಬೆಳಕಿಗೆ ಅಕ್ಷಿಪಟಲದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚಾಗಿ, ಅದು ಕಣ್ಣುಗುಡ್ಡೆಯ ಬೆಳವಣಿಗೆಯನ್ನು ನಿಧಾನಿಸುತ್ತದೆ ಎಂಬುದು ವಿಜ್ಞಾನಿಗಳ ಊಹೆ. ಈಗಾಗಲೇ ಬಂದ ಕನ್ನಡಕ ಇದರಿಂದ ಹೋಗಿಬಿಡುತ್ತದೆ ಎಂದು ಯಾರೂ ತಿಳಿಯಬಾರದು. ಲಾಭವಿರುವುದು ಬರುವ ಮೊದಲು.

ಇದಕ್ಕೆ ಸುಡುಬಿಸಿಲಿನಲ್ಲಿ ನಿಲ್ಲಬೇಕಾಗಿಲ್ಲ. ದೀಪ ಹಚ್ಚಿದ ಕೋಣೆಯ ಬೆಳಕು ಸಾಮಾನ್ಯವಾಗಿ 300ರಿಂದ 500 ಲಕ್ಸ್. ಬಟ್ಟಬಯಲಿನ ಮಧ್ಯಾಹ್ನದ ಬೆಳಕು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಮರದ ನೆರಳಿನಲ್ಲಿಯೂ ಹಲವು ಸಾವಿರ ಲಕ್ಸ್ ಇರುತ್ತದೆ. ಕಣ್ಣಿಗೆ ಅಷ್ಟು ಸಾಕು.

ಅಂಥ ನೆರಳು ಬೆಂಗಳೂರಿನಲ್ಲಿ ಇನ್ನೂ ಧಾರಾಳವಾಗಿ ಉಳಿದಿರುವುದು ಎರಡು ಕಡೆ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗ್ ಈಗ 240 ಎಕರೆ. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ ಕಬ್ಬನ್ ಪಾರ್ಕ್ ಸುಮಾರು 300 ಎಕರೆ. ಮೊದಲು 100 ಎಕರೆಯಷ್ಟಿದ್ದದ್ದು ಬೆಳೆಯಿತು. (ನಗರದಲ್ಲಿ ಬೆಳೆದ ಹಸಿರು ಎಂಬುದು ಈಗ ಕೇಳಲು ವಿಚಿತ್ರ.) ಒಂದಕ್ಕೆ ಸಣ್ಣ ಮೊತ್ತದ ಟಿಕೆಟ್, ಇನ್ನೊಂದಕ್ಕೆ ಅದೂ ಇಲ್ಲ. ಎರಡಕ್ಕೂ ಮೆಟ್ರೊ ನಿಲ್ದಾಣವಿದೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ ಸೈಕಲ್ ಕಲಿಯುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ರಸ್ತೆ ಊರಿನಲ್ಲಿ ಇಲ್ಲ.

ಎಲ್ಲ ನೆರಳೂ ಒಂದೇ ಅಲ್ಲ

ಗೋಡೆಯ ನೆರಳಿಗಿಂತ ಮರದ ನೆರಳು ತಂಪು. ಇದು ಬರಿಯ ಭಾವನೆಯಲ್ಲ. ಗೋಡೆ ಬಿಸಿಲನ್ನು ತಡೆಯುತ್ತದೆ, ತಾನೂ ಕಾಯುತ್ತದೆ, ಸಂಜೆಯವರೆಗೆ ಆ ಕಾವನ್ನು ಹೊರಗೆ ಬಿಡುತ್ತಿರುತ್ತದೆ. ಮರವಾದರೋ ಬೇರಿನಿಂದ ಹೀರಿದ ನೀರನ್ನು ಎಲೆಗಳ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಬಿಡುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಪಠ್ಯಪುಸ್ತಕದಲ್ಲಿ ಹೇಳುವ 540 ಕ್ಯಾಲೊರಿ ಕುದಿಬಿಂದುವಿನ ಲೆಕ್ಕ. ಬೇಸಿಗೆಯ ಎಲೆಯ ಉಷ್ಣತೆಯಲ್ಲಿ ಅದಕ್ಕೆ ಸುಮಾರು 580 ಕ್ಯಾಲೊರಿ ಬೇಕು. ಆ ಶಾಖ ಬರುವುದು ಎಲೆಯಿಂದ ಮತ್ತು ಸುತ್ತಲಿನ ಗಾಳಿಯಿಂದ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಮರವೊಂದು ಊರಗಲದ ಹೂಜಿ.

ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರಿನ ರಸ್ತೆಗಳಲ್ಲಿಯೇ ಇದನ್ನು ಅಳೆದು 2013ರಲ್ಲಿ ಪ್ರಕಟಿಸಿದರು. ಮರಗಳಿಲ್ಲದ ರಸ್ತೆಗೆ ಹೋಲಿಸಿದರೆ ಸಾಲುಮರಗಳ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೆ ತಂಪಾಗಿತ್ತು. ಟಾರು ಮೇಲ್ಮೈಯ ಅಂತರವಂತೂ 27.5 ಡಿಗ್ರಿಯವರೆಗೆ! 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡ ಊರಿನಲ್ಲಿ ಇದು ಸಣ್ಣ ಮಾತಲ್ಲ. ಮಕ್ಕಳು ಒಂದು ಸಾಧಾರಣ ಥರ್ಮಾಮೀಟರನ್ನು (ಜ್ವರ ನೋಡುವುದಲ್ಲ) ಪಾರ್ಕಿನ ಗೇಟಿನ ಹೊರಗೆ ನೆರಳಿನಲ್ಲಿ ಒಮ್ಮೆ, ಒಳಗೆ ಮರದಡಿ ಒಮ್ಮೆ ಹಿಡಿದು ನೋಡಲಿ. ಬರುವ ಅಂಕಿ ಪುಸ್ತಕದ್ದಲ್ಲ, ಅವರದೇ.

ಮರದಡಿ ಕುಳಿತಾಗ ನೆಲವನ್ನೂ ನೋಡಬೇಕು. ಎಲೆಗಳ ನಡುವಿನ ಸಂದುಗಳು ಅಂಕುಡೊಂಕು, ಆದರೆ ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ದುಂಡಗೆ. ಏಕೆ? ಆ ಚುಕ್ಕೆಗಳು ಸಂದಿನ ಆಕಾರವಲ್ಲ, ಸೂರ್ಯನ ಬಿಂಬಗಳು. ಪ್ರತಿಯೊಂದು ಸಣ್ಣ ಸಂದೂ ಸೂಜಿರಂಧ್ರ ಕ್ಯಾಮೆರಾದಂತೆ ಕೆಲಸ ಮಾಡುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿನಲ್ಲಿ ಇಂಥ ಸಂದುಗಳ ಕೆಳಗೆ ಬೀಳುವ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳುವುದು ಇದರಿಂದಲೇ. ಇನ್ನೊಂದು ಮಜಾ ಇದೆ. ಹೊತ್ತು ನೆತ್ತಿಯ ಹತ್ತಿರವಿರುವಾಗ ಮಸುಕಾದ ಒಂದು ದುಂಡು ಚುಕ್ಕೆಯ ಅಡ್ಡಗಲ ಅಳೆದು ಸುಮಾರು 110ರಿಂದ ಗುಣಿಸಿದರೆ ಆ ಸಂದು ಎಷ್ಟು ಎತ್ತರದಲ್ಲಿದೆ ಎಂಬುದು ಸಿಗುತ್ತದೆ. 10 ಸೆಂಟಿಮೀಟರ್ ಚುಕ್ಕೆ ಎಂದರೆ 11 ಮೀಟರ್. ಮರ ಹತ್ತದೆಯೇ ಮರ ಅಳೆದಂತಾಯಿತು!

ಬಂಡೆಯ ಮೇಲೆ ಐದು ನಿಮಿಷ

ಬೆಳಿಗ್ಗೆ 10ರೊಳಗೆ, ಇಲ್ಲವೇ ಸಂಜೆ 4ರ ನಂತರ ಪಾರ್ಕಿಗೆ ಹೋಗುವುದು ಲೇಸು. ನಡುಹಗಲು ಬಯಲಿನಲ್ಲಿ ಓಡಾಡುವುದು ಬೇಡ. ಇದಕ್ಕೆ ಒಂದೇ ಒಂದು ದಿನ ವಿನಾಯಿತಿ ಕೊಡಬಹುದು. ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ ಸುಮಾರು 12 ಗಂಟೆ 17 ನಿಮಿಷಕ್ಕೆ ಬೆಂಗಳೂರಿನಲ್ಲಿ ಸೂರ್ಯ ನಟ್ಟನಡು ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ದಿನವೂ 12 ಗಂಟೆಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆಂದು ನಂಬಿದ ಹಿರಿಯರೂ ಕಡಿಮೆಯಿಲ್ಲ. ಮೈಸೂರಿನಲ್ಲಿ ಇದು ಒಂದೆರಡು ದಿನ ಮೊದಲು, ಹುಬ್ಬಳ್ಳಿಯಲ್ಲಿ ಮೇ ಮೊದಲ ವಾರ, ಬೀದರ್‌ನಲ್ಲಿ ಮೇ ಎರಡನೆಯ ವಾರ. ಆಗಸ್ಟ್ 18ರ ಹೊತ್ತಿಗೆ ಬೆಂಗಳೂರಿಗೆ ಇದೇ ಅವಕಾಶ ಮತ್ತೆ ಬರುತ್ತದೆ, ಆದರೆ ಮೋಡಗಳ ದಯೆ ಬೇಕು.

ಇದನ್ನು ನೋಡಲು ಲಾಲ್‌ಬಾಗಿನ ಬಂಡೆಯಂಥ ಜಾಗವಿಲ್ಲ. ಸುಮಾರು 300 ಕೋಟಿ ವರ್ಷ ಹಳೆಯದಾದ ಈ ಬಂಡೆ ಭಾರತದ ಅತಿ ಪ್ರಾಚೀನ ಶಿಲೆಗಳ ಸಾಲಿಗೆ ಸೇರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕೆಂಪೇಗೌಡರ ಗೋಪುರದ ಪಕ್ಕ ಫೋಟೊ ತೆಗೆಸಿಕೊಂಡು ಇಳಿದುಹೋಗುವವರಿಗೆ ತಾವು ಯಾವುದರ ಮೇಲೆ ನಿಂತಿದ್ದೆವೆಂಬ ಅರಿವೇ ಇರುವುದಿಲ್ಲ. ಕೋಲು, ಟೋಪಿ, ನೀರಿನ ಬಾಟಲಿ, ಕಾಲಿಗೆ ಚಪ್ಪಲಿ. ಐದು ನಿಮಿಷ ನೋಡಿ ನೆರಳಿಗೆ ಮರಳಿದರಾಯಿತು. ಸೂರ್ಯನನ್ನು ಮಾತ್ರ ನೇರವಾಗಿ ನೋಡಕೂಡದು.

ಹೂಗಳ ವಿಷಯ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತಜ್ಞ ಜಿ. ಎಚ್. ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದರೆಂಬುದು ಪ್ರಸಿದ್ಧ. ರಜೆಯ ಪಾಲಿಗೆ ಬರುವುದು ಕಕ್ಕೆಯ ಹಳದಿ ಗೊಂಚಲು ಮತ್ತು ಗುಲ್‌ಮೊಹರ್‌ನ ಕೆಂಪು. ಮಡಗಾಸ್ಕರ್‌ನಿಂದ ಬಂದ ಈ ಗುಲ್‌ಮೊಹರ್‌ನ ಉದುರಿದ ಹೂವೊಂದನ್ನು ಎತ್ತಿಕೊಂಡರೆ ಐದು ಎಸಳುಗಳಲ್ಲಿ ಒಂದು ಉಳಿದವುಗಳಂತಿಲ್ಲ. ಅದರ ಮೇಲೆ ಬಿಳಿ-ಹಳದಿ ಮಚ್ಚೆಗಳಿವೆ. ಎಷ್ಟು ಮಕ್ಕಳು ಇದನ್ನು ತಾವಾಗಿಯೇ ಕಂಡುಹಿಡಿಯುತ್ತಾರೆ ಎಂದು ಪೋಷಕರು ಸುಮ್ಮನಿದ್ದು ನೋಡಬೇಕು. ಸುಮ್ಮನಿರುವುದೇ ಇಲ್ಲಿ ಕಷ್ಟದ ಕೆಲಸ. ಮರದ ಹೆಸರು ಹೇಳಿಸಿ, ಬರೆಸಿ, ಮರುದಿನ ಪ್ರಶ್ನೆ ಕೇಳುವವರಿದ್ದಾರೆ. ಆಗ ಪಾರ್ಕೂ ಟ್ಯೂಷನ್ ಆಗುತ್ತದೆ.

ಎರಡು ದೊಡ್ಡ ಉದ್ಯಾನಗಳು ಎಲ್ಲರಿಗೂ ಹತ್ತಿರವಿಲ್ಲ. ಬಡಾವಣೆಯ ಪಾರ್ಕಿಗೆ ಹೋದರೆ ‘ಆಟ ಆಡಬಾರದು’, ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಫಲಕಗಳು ಎದುರಾಗುವುದುಂಟು. ಹಿರಿಯರ ವಾಕಿಂಗ್‌ಗೆ ತೊಂದರೆಯಾಗಬಾರದು, ನಿಜ. ಆದರೆ ಬೆಳಗಿನ ವಾಕಿಂಗ್ ಮುಗಿದ ಮೇಲೆ ಖಾಲಿ ಬೀಳುವ ಪಾರ್ಕನ್ನು ರಜೆಯ ದಿನಗಳಲ್ಲಿ ಮಕ್ಕಳಿಗೆ ಬಿಟ್ಟುಕೊಡುವುದಕ್ಕೆ ಯಾರ ಅಡ್ಡಿ? ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ಒಬ್ಬ ತಂದೆಯೋ ತಾಯಿಯೋ ಇದನ್ನು ಎತ್ತಬಹುದು.

ಸಂಜೆ ಮನೆಗೆ ಹೊರಡುವ ಆತುರ ಬೇಡ. ಕಬ್ಬನ್ ಪಾರ್ಕಿನ ದೊಡ್ಡ ಮಳೆಮರಗಳು ಹೊತ್ತು ಮುಳುಗುವಾಗ ತಮ್ಮ ಎಲೆಗಳನ್ನು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ. ಮಧ್ಯಾಹ್ನ ಆಕಾಶವೇ ಕಾಣದಿದ್ದ ಜಾಗದಲ್ಲಿ ಆಗ ಆಕಾಶ ಕಾಣುತ್ತದೆ. ಎಷ್ಟು ಗಂಟೆಗೆ ಮಡಚಲು ಶುರುವಾಯಿತು, ಮೋಡ ಕವಿದ ದಿನ ಬೇಗ ಆಗುತ್ತದೆಯೇ ಎಂಬುದನ್ನು ಒಂದು ವಾರ ಗಡಿಯಾರ ಹಿಡಿದು ಗುರುತು ಹಾಕಿಕೊಳ್ಳಬಹುದು.