ಮೈಬಲದ ಮರ್ಯಾದೆ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಸೋತವನ ಜಂಭವನ್ನು ಹಾಸ್ಯಮಾಡುವುದಕ್ಕಾಗಿ ಹುಟ್ಟಿದ ಈ ಮಾತಿನಲ್ಲಿ ನಮ್ಮ ಹಿರಿಯರು ಒಂದು ದೊಡ್ಡ ವಿವೇಕವನ್ನು ಅಡಗಿಸಿಟ್ಟಿದ್ದಾರೆಂದು ನಮಗೆ ತೋರುತ್ತದೆ. ಬಲವೇ ಬೇರೆ, ಬಲದ ತೋರಿಕೆಯೇ ಬೇರೆ. ಮೊದಲನೆಯದು ಹೋದ ಮೇಲೂ ಎರಡನೆಯದನ್ನು ಅಪ್ಪಿಕೊಂಡಿರುವವನು ನಗೆಗೀಡಾಗುತ್ತಾನೆ. ಮೈ ಬೆಳೆಸುವುದರಲ್ಲಿ ನಮ್ಮ ತರುಣರು ಇಂದು ತೋರುತ್ತಿರುವ ಉತ್ಸಾಹವನ್ನು ಕಂಡಾಗ ನಮಗೆ ಸಂತೋಷವೂ ಆಗುತ್ತದೆ, ಈ ಗಾದೆಯೂ ನೆನಪಾಗುತ್ತದೆ.

ನಮ್ಮ ಪಟ್ಟಣಗಳ ಬಡಾವಣೆಗಳಲ್ಲಿ ಈಗ ಹೊಸ ಮಾದರಿಯ ವ್ಯಾಯಾಮಶಾಲೆಗಳು ಎದ್ದಿವೆ. ಗೋಡೆಯ ತುಂಬ ಕನ್ನಡಿ; ಕಣ್ಣುಕೋರೈಸುವ ದೀಪ; ಒಂದೊಂದು ಅಂಗಕ್ಕೂ ಒಂದೊಂದು ಯಂತ್ರ. ಇನ್ನೊಂದು ಕಡೆ, ಮುಂಜಾನೆಯ ಕತ್ತಲಲ್ಲಿಯೇ ಹುಡುಗರು ಲಂಗೋಟಿ ಕಟ್ಟಿ ದಂಡೆ ಬಸ್ಕಿಗಳನ್ನು ಹೊಡೆಯುತ್ತಿದ್ದ ಹಳೆಯ ಗರಡಿಮನೆಗಳಲ್ಲಿ ಎಷ್ಟೋ ಬಾಗಿಲು ಹಾಕಿವೆ. ಈ ಬದಲಾವಣೆಯನ್ನು ಕೇವಲ ಕಾಲಧರ್ಮವೆಂದು ನೋಡಿ ಸುಮ್ಮನಾಗುವುದು ನಮಗೆ ಸರಿತೋರದು. ದೇಹಬಲವು ಯಾರ ಸಲುವಾಗಿ, ಯಾವ ಕಾರ್ಯದ ಸಲುವಾಗಿ ಎಂಬ ಪ್ರಶ್ನೆಯು ಇದರ ಹಿಂದೆ ನಿಂತಿದೆ.

ಈ ಪ್ರಶ್ನೆಗೆ ನಮ್ಮ ನಾಡು ಹಿಂದೆಯೇ ಉತ್ತರ ಕೊಟ್ಟಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವಿಷಯಕ್ಕೇ ಪ್ರತ್ಯೇಕವಾದ ಭಾಗವಿದೆ. ಮಲ್ಲರ ವರ್ಗಗಳೇನು, ಅವರ ಆಹಾರವೇನು, ಭಾರವೆತ್ತುವ ಶ್ರಮ, ನಡೆಯುವ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬದ ಮೇಲಿನ ಶ್ರಮ ಇವುಗಳ ಕ್ರಮವೇನು ಎಂಬುದನ್ನೆಲ್ಲ ರಾಜನಾದವನು ಕುಳಿತು ಬರೆದನೆಂದಮೇಲೆ, ಮೈಬಲದ ವಿದ್ಯೆಯು ಅಂದು ಪಂಡಿತರಿಗೆ ಹೀನವಾಗಿ ಕಂಡಿರಲಿಲ್ಲವೆಂದು ತಿಳಿಯಬಹುದು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ತೀಡಿಸಿಕೊಂಡು, ಮಣ್ಣಿನ ಭಾರಗಳನ್ನು ಕೈಯಲ್ಲಿ ಹಿಡಿದು ಸಾಧನೆಮಾಡಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸಿ, ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿದು, ಅನಂತರ ಕುದುರೆಯೇರಿ ಬಯಲಿಗೆ ಹೋಗುತ್ತಿದ್ದನಂತೆ. ಇಷ್ಟು ಬರೆದ ಪಾಯೆಸನೇ, ರಾಯನು ಸಾಧಾರಣ ಎತ್ತರದವನು, ತೆಳ್ಳಗಿನವನೆನ್ನುವುದಕ್ಕಿಂತ ದಪ್ಪನೆಯವನೇ ಸರಿ, ಮುಖದಲ್ಲಿ ಸಿಡುಬಿನ ಕಲೆಗಳಿದ್ದುವು ಎಂದೂ ಹೇಳುತ್ತಾನೆ. ಇಂದಿನ ವ್ಯಾಯಾಮಶಾಲೆಯ ಕನ್ನಡಿಯ ಮುಂದೆ ಆ ಮಹಾರಾಯನನ್ನು ನಿಲ್ಲಿಸಿದರೆ ಎಷ್ಟು ಮಂದಿ ಮೆಚ್ಚಿಯಾರು? ಆದರೂ ರಾಯಚೂರಿನ ಕೋಟೆಯನ್ನು ಗೆದ್ದ ತೋಳು ಅದೇ ಅಲ್ಲವೇ?

ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಗೊಮ್ಮಟೇಶ್ವರನನ್ನು ನೋಡಿ ಬಂದವರು ಇನ್ನೊಂದು ಪಾಠವನ್ನು ಕಲಿತಿರಬೇಕು. ಚಾವುಂಡರಾಯನು 981ರಲ್ಲಿ ಪ್ರತಿಷ್ಠಾಪಿಸಿದನೆಂದು ಹೇಳುವ, ಸುಮಾರು 57 ಅಡಿ ಎತ್ತರದ ಆ ಏಕಶಿಲಾಮೂರ್ತಿಯ ಹೆಸರೇ ಬಾಹುಬಲಿ. ಭರತನನ್ನು ದೃಷ್ಟಿಯುದ್ಧದಲ್ಲಿಯೂ ಜಲಯುದ್ಧದಲ್ಲಿಯೂ ಗೆದ್ದು, ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿ ಹಿಡಿದವನು, ನೆಲಕ್ಕೆ ಅಪ್ಪಳಿಸದೆ ಮೆಲ್ಲಗೆ ಇಳಿಸಿದನು. ಪಂಪನು ಆದಿಪುರಾಣದಲ್ಲಿ ಹೇಳಿದ ಈ ಕಥೆಯನ್ನು ಕನ್ನಡಿಗರು ಸಾವಿರ ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಎತ್ತಬಲ್ಲ ತೋಳು ಇಳಿಸಬಲ್ಲುದೂ ಆಗಿರಬೇಕು. ಇದೇ ಮೈಬಲದ ಮರ್ಯಾದೆ. ಶಿಲ್ಪಿಯಾದರೂ ಆ ಮೂರ್ತಿಯಲ್ಲಿ ಮಾಂಸಖಂಡಗಳನ್ನು ಗಂಟುಗಂಟಾಗಿ ಬಿಡಿಸಿ ತೋರಿಸಲಿಲ್ಲ. ಅಗಲವಾದ ಹೆಗಲು, ಇಳಿಬಿಟ್ಟ ಕೈ, ಶಾಂತವಾದ ಮುಖ, ಇಷ್ಟರಿಂದಲೇ ಬಲವನ್ನು ಕಾಣಿಸಿದನು.

ಇಂಥ ನಾಡಿಗೆ ಪರಕೀಯರ ಆಳಿಕೆಯು ಬಂದಾಗ, ನಮ್ಮ ದೇಹವನ್ನು ಅಳೆಯುವ ಕೋಲೂ ಪರರ ಕೈಗೆ ಹೋಯಿತು. 1841ರಲ್ಲಿ ಮೆಕಾಲೆ ಸಾಹೇಬನು ವಾರನ್ ಹೇಸ್ಟಿಂಗ್ಸನ ವಿಷಯವಾಗಿ ಬರೆದ ಪ್ರಬಂಧದಲ್ಲಿ ಬಂಗಾಳಿಗಳ ದೇಹವು ಹೆಂಗಸುತನವೆನ್ನುವಷ್ಟು ದುರ್ಬಲವೆಂದು ಹೀಗಳೆದನು. 1857ರ ದಂಗೆಯ ತರುವಾಯ, ಹಿಂದೂಸ್ಥಾನದಲ್ಲಿ ಕೆಲವು ಕುಲಗಳು ಮಾತ್ರ ವೀರಕುಲಗಳು, ಮಿಕ್ಕವರು ಯುದ್ಧಕ್ಕೆ ಅಯೋಗ್ಯರು ಎಂಬ ವಾದವು ಸೈನ್ಯದಲ್ಲಿ ಬಲಗೊಂಡಿತು. 1885ರಲ್ಲಿ ದಂಡನಾಯಕನಾದ ರಾಬರ್ಟ್ಸನು ದಕ್ಷಿಣದವರನ್ನು ಬಿಟ್ಟು ಪಂಜಾಬು ನೇಪಾಳಗಳ ಕಡೆಗೆ ತಿರುಗಿದನು. ಕುಂಪಣಿಗಾಗಿ ಅರ್ಧ ದೇಶವನ್ನು ಗೆದ್ದುಕೊಟ್ಟ ಮದರಾಸು ಸಿಪಾಯಿಯು ಒಂದು ತಲೆಮಾರಿನೊಳಗೆ ಕೈಲಾಗದವನೆನಿಸಿದನು!

ಈ ನಿಂದೆಯು ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಮಹಾತ್ಮಾ ಗಾಂಧಿಯವರ ಆತ್ಮಕಥೆಯೇ ಸಾಕ್ಷಿ. ಇಂಗ್ಲಿಷರು ಮಾಂಸ ತಿನ್ನುವುದರಿಂದಲೇ ಬಲಿಷ್ಠರು, ಬಲಿಷ್ಠರಾದುದರಿಂದಲೇ ಆಳುವವರು ಎಂಬ ಗೆಳೆಯನ ಮಾತಿಗೆ ಮರುಳಾಗಿ, ಬಾಲಕ ಮೋಹನದಾಸನು ಮನೆಯವರಿಗೆ ತಿಳಿಯದಂತೆ ಮಾಂಸ ತಿಂದನು. ಬಳಿಕ ಆ ಮಾರ್ಗವನ್ನು ಬಿಟ್ಟರೂ, ಶಾಲೆಯ ದಿನಗಳಲ್ಲಿ ಅಂಗಸಾಧನೆಯನ್ನು ಅಲಕ್ಷಿಸಿದ್ದು ತಪ್ಪೆಂದು ಅವರು ಒಪ್ಪಿಕೊಂಡರು. ನಡಿಗೆಯನ್ನು ಮಾತ್ರ ಜೀವಮಾನವೆಲ್ಲ ಬಿಡಲಿಲ್ಲ.

ನಿಂದೆಗೆ ದೇಶವು ಸುಮ್ಮನೆ ತಲೆಬಾಗಲಿಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಅನುಶೀಲನ ಸಮಿತಿಯು ವ್ಯಾಯಾಮದ ಸಂಘವಾಗಿಯೇ ಹುಟ್ಟಿತು. 1910ರಲ್ಲಿ ಲಂಡನ್ನಿಗೆ ಹೋದ ಗಾಮಾ ಪೈಲ್ವಾನನು ಜಗಜಟ್ಟಿಯೆನಿಸಿದ ಜಿಬಿಸ್ಕೋನನ್ನು ಎರಡೂವರೆ ಗಂಟೆಗೂ ಮಿಕ್ಕಿ ನೆಲಕ್ಕಂಟಿಸಿ ಹಿಡಿದನು. ಮರುಪಂದ್ಯಕ್ಕೆ ಎದುರಾಳಿಯು ಬರಲೇ ಇಲ್ಲ. 1928ರಲ್ಲಿ ಪಟಿಯಾಲೆಯಲ್ಲಿ ಇವರಿಬ್ಬರೂ ಮತ್ತೆ ಸೆಣಸಿದಾಗ ಒಂದು ನಿಮಿಷದೊಳಗೆ ಗಾಮಾ ಗೆದ್ದನು. ನಮ್ಮ ಕರ್ನಾಟಕದಲ್ಲಿಯೇ, 1923ರ ಕಾಕಿನಾಡಾ ಕಾಂಗ್ರೆಸ್ಸಿನ ಸಮಯದಲ್ಲಿ ಹುಟ್ಟಿದ ಸೇವಾದಳವನ್ನು ಡಾ. ನಾ. ಸು. ಹರ್ಡೀಕರರು ಹುಬ್ಬಳ್ಳಿಯಿಂದ ನಡೆಸಿ, ಕವಾಯತು ಅಂಗಸಾಧನೆಗಳಲ್ಲಿ ತರುಣರನ್ನು ಪಳಗಿಸಿದರು. 1924ರಲ್ಲಿ ಗಾಂಧಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಆ ಶಿಸ್ತಿನ ಫಲವನ್ನು ದೇಶವು ಕಂಡಿತು. ಆ ತರುಣರ ಮೈಬಲವು ನೀರು ಹೊರುವುದಕ್ಕೆ, ಜನಜಂಗುಳಿಯನ್ನು ಕಾಯುವುದಕ್ಕೆ, ಲಾಠಿಯ ಏಟನ್ನು ತಿಂದೂ ಕೈಯೆತ್ತದೆ ನಿಲ್ಲುವುದಕ್ಕೆ ಒದಗಿತು. ಏಟು ತಿನ್ನುವುದಕ್ಕೂ ಮೈಯಲ್ಲಿ ಕಸುವು ಬೇಕು!

ಹೀಗಿದ್ದರೂ ಓದುಬರಹ ಬಲ್ಲ ನಮ್ಮ ಮನೆತನಗಳಲ್ಲಿ ಒಂದು ತಾತ್ಸಾರವು ಉಳಿದೇ ಬಂದಿತು. ಗರಡಿಗೆ ಹೋಗುವ ಹುಡುಗನು ಪುಂಡನಾಗುವನು. ತೋಳು ಬೆಳೆದವನಿಗೆ ತಲೆ ಬೆಳೆಯದು. ಪೈಲ್ವಾನನಿಗೆ ಹೆಣ್ಣು ಕೊಡುವವರಾರು? ಇಂಥ ಮಾತುಗಳನ್ನು ಆಡಿದ ತಂದೆತಾಯಿಗಳೇ, ಮಗನು ಮೂವತ್ತರೊಳಗೆ ಹೊಟ್ಟೆ ಬೆಳೆಸಿ ಕುರ್ಚಿಗೆ ಅಂಟಿಕೊಂಡರೆ ಅವನ ಏಳಿಗೆಯೆಂದು ಹಿಗ್ಗುವುದನ್ನು ನಾವು ಕಂಡಿದ್ದೇವೆ.

ಈ ತಾತ್ಸಾರಕ್ಕೆ ತಕ್ಕ ಉತ್ತರವಾಗಿ ಬಾಳಿದವರು ಕೆ. ವಿ. ಅಯ್ಯರ್. 1897ರಲ್ಲಿ ಹುಟ್ಟಿ 1980ರಲ್ಲಿ ಕಾಲವಾದ ಅವರು ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದರು. ಪಾಶ್ಚಾತ್ಯರ ಕಬ್ಬಿಣದ ಭಾರವನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಒಂದುಗೂಡಿಸಿ ತಮ್ಮದೇ ಒಂದು ಪದ್ಧತಿಯನ್ನು ಕಟ್ಟಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ತಮ್ಮ ಅಂಗಸೌಷ್ಠವದ ವಿಷಯದಲ್ಲಿ ಅವರಿಗೆ ಅಭಿಮಾನವಿರಲಿಲ್ಲವೆಂದು ಹೇಳಲಾರೆವು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಕೈಲಾಸಂ ಅವರ ಆಪ್ತರಾಗಿದ್ದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಕನ್ನಡಕ್ಕೆ ಕೊಟ್ಟರು. ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿ ನಿಂತ ಚೆಲುವ ಹುಡುಗನೇ ದುರ್ಮಾರ್ಗದಲ್ಲಿ ಬಾಳಿ, ವರ್ಷಗಳ ತರುವಾಯ ದ್ರೋಹಿ ಜೂದಾಸನ ಚಿತ್ರಕ್ಕೂ ಮಾದರಿಯಾಗುವುದು ‘ರೂಪದರ್ಶಿ’ಯ ಕಥೆ. ಸುಂದರವಾದ ಮೈಯನ್ನು ಹೇಗೆ ಕಟ್ಟಬೇಕೆಂದು ಜೀವಮಾನವೆಲ್ಲ ಕಲಿಸಿದ ವ್ಯಕ್ತಿಯೇ, ನಡತೆ ಕೆಟ್ಟರೆ ಆ ರೂಪವು ಏನಾಗುವುದೆಂಬುದನ್ನೂ ಬರೆದರೆಂಬುದು ಗಮನಿಸತಕ್ಕ ವಿಷಯ.

ಈಗ ಇಂದಿನ ಸ್ಥಿತಿಯನ್ನು ನೋಡೋಣ. ತಾತ್ಸಾರವು ಕಡಮೆಯಾಗಿ ಅದರ ಸ್ಥಾನದಲ್ಲಿ ಮೋಹವು ಬಂದು ಕುಳಿತಿದೆ. ಗರಡಿಯಲ್ಲಿ ಮೈಯನ್ನು ಪರೀಕ್ಷಿಸುತ್ತಿದ್ದುದು ಎದುರಾಳಿಯ ಪಟ್ಟು. ಈಗ ಪರೀಕ್ಷಿಸುವುದು ಕನ್ನಡಿ ಮತ್ತು ಛಾಯಾಚಿತ್ರ. ಪಟ್ಟಿನ ಮುಂದೆ ಸುಳ್ಳು ನಡೆಯದು. ಚಿತ್ರದ ಮುಂದೆ ನಡೆಯುತ್ತದೆ. ವರ್ಷಗಟ್ಟಲೆ ಬೆವರು ಸುರಿಸಿ ಪಡೆಯತಕ್ಕದ್ದನ್ನು ತಿಂಗಳೊಳಗೆ ಪಡೆಯಬೇಕೆಂಬ ಆತುರದಿಂದ ತರುಣರು ಸೂಜಿಮದ್ದಿನ ಮೊರೆಹೊಗುತ್ತಿದ್ದಾರೆ. 1935ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿದ ಟೆಸ್ಟೋಸ್ಟಿರೋನ್ ಎಂಬ ಗಂಡುರಸವೂ ಅದರ ಜಾತಿಯ ಸ್ಟೀರಾಯ್ಡುಗಳೂ ಕೆಲವು ರೋಗಗಳಿಗೆ ನಿಜವಾದ ಔಷಧಗಳೇ. ಆದರೆ ವೈದ್ಯನ ಅಪ್ಪಣೆಯಿಲ್ಲದೆ ಮೈ ಉಬ್ಬಿಸುವುದಕ್ಕೆಂದು ಚುಚ್ಚಿಕೊಂಡರೆ ಹೃದಯದ ಗೋಡೆ ದಪ್ಪವಾಗುತ್ತದೆ, ಪಿತ್ತಜನಕಾಂಗ ಕೆಡುತ್ತದೆ, ವೃಷಣಗಳು ಕುಗ್ಗಿ ಸಂತಾನಶಕ್ತಿಯೇ ಕುಂದುತ್ತದೆ. ಗಂಡಸುತನವನ್ನು ಮೆರೆಸಲು ಹೊರಟವನು ಅದನ್ನೇ ಕಳೆದುಕೊಳ್ಳುವುದಕ್ಕಿಂತ ದೊಡ್ಡ ವಿಪರ್ಯಾಸ ಯಾವುದಿದೆ? ಮೈ ಎಷ್ಟು ಬೆಳೆದರೂ ತಾನಿನ್ನೂ ಸಣಕಲೆಂದೇ ಕೊರಗುವ ಒಂದು ಮನೋವ್ಯಾಧಿಯನ್ನೂ ವೈದ್ಯರು ಗುರುತಿಸಿದ್ದಾರೆ. ಕನ್ನಡಿಯು ಗುರುವಾದರೆ ಶಿಷ್ಯನಿಗೆ ಎಂದಿಗೂ ತೃಪ್ತಿಯಿಲ್ಲ.

ಮೋಹದ ಬೆನ್ನಿಗೇ ಭಯವೂ ಇದೆ. 2021ರ ಅಕ್ಟೋಬರ್ 29ರಂದು ಜನಪ್ರಿಯ ನಟ ಪುನೀತ್ ರಾಜ್‌ಕುಮಾರರು 46ರ ಹರೆಯದಲ್ಲಿಯೇ ಹೃದಯಾಘಾತದಿಂದ ತೀರಿಕೊಂಡಾಗ ನಾಡೆಲ್ಲ ಕಣ್ಣೀರಿಟ್ಟಿತು. ನಿತ್ಯ ಸಾಧನೆಮಾಡುತ್ತಿದ್ದವರಿಗೇ ಹೀಗಾಯಿತಲ್ಲವೆಂದು ವ್ಯಾಯಾಮವನ್ನೇ ಶಂಕಿಸುವವರು ಆಗ ಹುಟ್ಟಿಕೊಂಡರು. ಆ ಶಂಕೆಗೆ ಆಧಾರವಿಲ್ಲ. ಹೃದಯವನ್ನು ಪರೀಕ್ಷಿಸಿಕೊಳ್ಳುವುದು ವಿವೇಕ. ಅಂಗಸಾಧನೆಯನ್ನೇ ಬಿಡುವುದು ಅವಿವೇಕ.

ಏಕೆಂದರೆ ಇಂದು ದೇಶಕ್ಕೆ ಮೈಬಲದ ಅಗತ್ಯವು ಹಿಂದಿಗಿಂತ ಹೆಚ್ಚಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ನಮ್ಮಲ್ಲಿ ಸುಮಾರು 10 ಕೋಟಿ ಜನ ಸಕ್ಕರೆ ಕಾಯಿಲೆಯವರಿದ್ದಾರೆ. ಉಂಡ ಅನ್ನದ ಸಕ್ಕರೆಯನ್ನು ರಕ್ತದಿಂದ ಸೆಳೆದುಕೊಂಡು ಉರಿಸುವ ದೊಡ್ಡ ಒಲೆಯೇ ಮಾಂಸಖಂಡ. ಒಲೆ ಸಣ್ಣದಾದರೆ ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. ನಡುವಯಸ್ಸು ದಾಟಿದಂತೆ ಈ ಖಂಡಗಳು ತಾವಾಗಿಯೇ ಕರಗತೊಡಗುತ್ತವೆ. ಮುದುಕರು ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ವಯಸ್ಕರು ವಾರಕ್ಕೆ 150 ನಿಮಿಷಗಳಾದರೂ ಬಿರುಸಾಗಿ ನಡೆಯುವಂಥ ಶ್ರಮ ಮಾಡಬೇಕೆಂದೂ, ಅದಲ್ಲದೆ ಎರಡು ದಿನವಾದರೂ ಖಂಡಗಳನ್ನು ಬಲಪಡಿಸುವ ಸಾಧನೆ ಮಾಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿತು. ಇದು ಹೆಂಗಸರಿಗೂ ಸಲ್ಲುವ ಮಾತು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಭಾರವೆತ್ತಿ ಪದಕ ತಂದ ಕರ್ಣಂ ಮಲ್ಲೇಶ್ವರಿಯನ್ನು ಕಂಡ ಮೇಲೆಯೂ, ಎರಡು ಬಿಂದಿಗೆ ನೀರನ್ನು ಮೈಲಿಗಟ್ಟಲೆ ಹೊರುವ ನಮ್ಮ ಹಳ್ಳಿಯ ತಾಯಂದಿರನ್ನು ಕಂಡ ಮೇಲೆಯೂ, ಕಸುವೆಂಬುದು ಗಂಡಸಿನ ಸ್ವತ್ತೆಂದು ಹೇಳುವವರ ಬುದ್ಧಿಗೆ ಏನೆನ್ನೋಣ?

ಆದಕಾರಣ ನಾವು ಹೇಳತಕ್ಕದ್ದಿಷ್ಟೇ. ಶಾಲೆಗಳಲ್ಲಿ ಅಂಗಸಾಧನೆಯ ಗಂಟೆಯನ್ನು ಗಣಿತದ ಪಾಠಕ್ಕೆ ಕಿತ್ತುಕೊಳ್ಳುವುದು ನಿಲ್ಲಬೇಕು. ವೈದ್ಯನ ಚೀಟಿಯಿಲ್ಲದೆ ಸೂಜಿಮದ್ದು ಮಾರುವವರನ್ನು ಸರಕಾರವು ಹಿಡಿದು ಶಿಕ್ಷಿಸಬೇಕು. ಹೊಸ ವ್ಯಾಯಾಮಶಾಲೆಗಳನ್ನು ನಾವು ದೂಷಿಸುವುದಿಲ್ಲ. ಅಲ್ಲಿ ಬಲ್ಲ ಗುರುಗಳಿರಲಿ ಎನ್ನುತ್ತೇವೆ. ಉಳಿದಿರುವ ಗರಡಿಗಳನ್ನು ದಸರೆಯ ಕುಸ್ತಿಯ ಹತ್ತು ದಿನ ನೆನೆದು ಮಿಕ್ಕ ದಿನ ಮರೆಯುವುದೂ ಸಲ್ಲದು. ಗರಡಿಗಳು ಕೇರಿಗೊಂದು, ಕೆಲವೆಡೆ ಜಾತಿಗೊಂದು ಎಂದು ನಡೆದುದೂ ಉಂಟೆಂಬುದನ್ನು ನಾವು ಮರೆತಿಲ್ಲ. ಆದರೂ ಜಟ್ಟಿಯೆಂಬ ಸಂಸ್ಕೃತ ಮೂಲದ ಮಾತೂ ಪೈಲ್ವಾನ್, ಉಸ್ತಾದ್ ಎಂಬ ಪಾರಸೀ ಮಾತುಗಳೂ ಒಂದೇ ಅಖಾಡದಲ್ಲಿ ಕಲೆತು ಕನ್ನಡವಾದುದು ಸುಮ್ಮನೆ ಅಲ್ಲ. ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಹದಮಾಡಿದ ಆ ಮಣ್ಣು ಮೈಗೆ ಮೆತ್ತಿಕೊಂಡ ಮೇಲೆ ಯಾರ ಕುಲ ಯಾವುದೆಂದು ಕಂಡುಹಿಡಿಯುವುದು ಕಷ್ಟ. ಬಡಹುಡುಗನಿಗೆ ಒಂದು ಸೇರು ಹಾಲು, ಹಿಡಿ ಕಡಲೆ, ಕೈಹಿಡಿದು ಕಲಿಸುವ ಒಬ್ಬ ಉಸ್ತಾದ, ಇಷ್ಟನ್ನು ಒದಗಿಸುವುದು ಪುರಸಭೆಗಳಿಗೆ ಅಸಾಧ್ಯವಾದ ಕಾರ್ಯವಲ್ಲ.

ತರುಣರೇ, ಮೈ ಬೆಳೆಸಿರಿ; ಧಾರಾಳವಾಗಿ ಬೆಳೆಸಿರಿ. ಆದರೆ ನಿಮ್ಮ ತೋಳಿನ ಸುತ್ತಳತೆಯನ್ನು ಪಟ್ಟಿಯಿಂದ ಅಳೆಯುವ ಮೊದಲು, ಆ ತೋಳನ್ನು ಕಂಡು ನೆರೆಮನೆಯ ಮುದುಕಿಗೆ ಧೈರ್ಯ ಬರುವುದೋ ಭಯ ಬರುವುದೋ ಎಂದು ಕೇಳಿಕೊಳ್ಳಿರಿ. ಧೈರ್ಯ ಬರುವುದಾದರೆ ನಿಮ್ಮ ಸಾಧನೆಯು ಸಾರ್ಥಕ; ಕುಸ್ತಿಯಲ್ಲಿ ಬಿದ್ದು ಮೀಸೆ ಮಣ್ಣಾದರೂ ನಿಮ್ಮ ಮಾನಕ್ಕೆ ಕುಂದಿಲ್ಲ.